ಗಾಂಧಾರ ಬಿಟ್ಟ ಬ್ಯಾಂಜೋ: ಅಕ್ಕ, ನಾನು ಮತ್ತು ನಮ್ಮ ಬ್ಯಾಂಡ್

"ಗೀಗಿ ಪದಕ್ಕೆ ಬ್ಯಾಂಜೋನಾ? ಸುಮ್ನಿರಪ್ಪ" ಅಂದವರು ನಮ್ಮ ಕಡೆಯವರು. "ಈ ಹಾಡಲ್ಲಿ ಕಾರ್ಡ್ (ಒಟ್ಟಿಗೆ ಹಿಡಿಯುವ ಸ್ವರಗಳ ಗುಚ್ಛ) ಎಲ್ಲಿ ಬದಲಾಗುತ್ತೆ?" ಅಂತ ತಲೆ ಕೆರೆದುಕೊಂಡವನು ನಮ್ಮದೇ ಗಿಟಾರಿನವನು, ಇಲ್ಲಿಯ ಹುಡುಗ. ಇಬ್ಬರ ಬಾಯಿ ಮುಚ್ಚಿಸೋಕೆ ನಾಲ್ಕು ವರ್ಷ ಹಿಡಿಯಿತು. ನಮ್ಮ ಜಾನಪದ ಪದಗಳನ್ನು ಬ್ಲೂಗ್ರಾಸ್ ಜೊತೆ, ಅಂದರೆ ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್, ಗಿಟಾರಿನ ಅಮೆರಿಕದ ಹಳ್ಳಿಗಾಡಿನ ಸಂಗೀತದ ಜೊತೆ, ಬೆರೆಸುವ ಬ್ಯಾಂಡ್ ನಮ್ಮದು. ಆ ಬೆರಕೆ ಈಗ ಹದಕ್ಕೆ ಕೂತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನವು, ಹೆಚ್ಚುಕಮ್ಮಿ ಇರಬಹುದು.

ನಾವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ಪಕ್ಕ. ಅಕ್ಕ ಮೈಸೂರಿನಲ್ಲಿ ಹತ್ತು ವರ್ಷ ಪಿಟೀಲು ಕಲಿತವಳು. ನಾನು ಇಲ್ಲಿಗೆ ಬಂದು ಬ್ಯಾಂಜೋ, ಅಂದರೆ ತಮಟೆಯಂಥ ದುಂಡು ಮುಖದ ಐದು ತಂತಿ ವಾದ್ಯ, ಹಿಡಿದವನು. ಮೂರು ಬೆರಳಿನ ರೋಲನ್ನು (ತಂತಿಗಳನ್ನು ಒಂದಾದ ಮೇಲೊಂದು ಬಿಡದೆ ಮೀಟುವ ವರಸೆ) ಮನೆಮಾತು ಮಾಡಿದ ಅರ್ಲ್ ಸ್ಕ್ರಗ್ಸ್ ಇದೇ ರಾಜ್ಯದವರು. 2013ರಿಂದ 2024ರವರೆಗೆ ಬ್ಲೂಗ್ರಾಸ್‌ನವರ ದೊಡ್ಡ ವರ್ಷದ ಜಾತ್ರೆ ರಾಲಿಯಲ್ಲೇ ನಡೆಯುತ್ತಿತ್ತು. ಆಫೀಸು ಮುಗಿಸಿ ಅತ್ತ ಹೋದರೆ ಬೀದಿಯಲ್ಲೇ ಬಾರಿಸುತ್ತಿದ್ದರು. ನನಗೆ ಹುಚ್ಚು ಹಿಡಿದಿದ್ದು ಅಲ್ಲೇ.

ಮೊದಲ ಎರಡು ವರ್ಷ ಪೂರ್ತಿ ದಂಡ. ಬ್ಲೂಗ್ರಾಸ್ ಅಂದಮೇಲೆ ಮೂರು ದನಿಯ ಹಾರ್ಮನಿ (ಒಂದೇ ಸಾಲನ್ನು ಮೂವರು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡುವುದು) ಬೇಕೇಬೇಕು ಅಂತ ಬೀಸೋ ಪದಕ್ಕೆ ಅದನ್ನು ಕೂರಿಸಿದೆವು. ಕೇಳಿದರೆ ಚರ್ಚಿನ ಹಾಡು! ರಾಗಿ ಕಲ್ಲಿನ ಮುಂದೆ ಕೂತವರು ಯಾರೂ ಹಾಗೆ ಹಾಡಲ್ಲ. ನನ್ನ ಬ್ಯಾಂಜೋ ಬೇರೆ ತಂಟೆ. ಅದರ ಮಾಮೂಲಿ ಶ್ರುತಿ ಓಪನ್ ಜಿ, ಅಂದರೆ ಐದು ತಂತಿಗೆ ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ. ಅಕ್ಕ ಹಾಡುವುದೂ ಜಿ ಶ್ರುತಿಗೇ, ಹಾಗಾಗಿ ಸುಲಭ ಅಂದುಕೊಂಡಿದ್ದೆ. ಆದರೆ ನಾವು ಆರಿಸಿಕೊಂಡ ಪದಗಳಲ್ಲಿ ಅರ್ಧಕ್ಕರ್ಧ ಮಧ್ಯಮಾವತಿ ಛಾಯೆಯವು. ಅದರಲ್ಲಿ ಗಾಂಧಾರವೇ ಇಲ್ಲ. ನಾನು ರೋಲ್ ಬಿಟ್ಟಾಗಲೆಲ್ಲ ಎರಡನೇ ತಂತಿ ಗ ಗ ಗ ಅಂತ ಕೂಗುತ್ತಿತ್ತು. ಅಕ್ಕ ಕಮಾನು ಇಳಿಸಿ, "ಲೋ, ಆ ಗಾಂಧಾರ ಯಾರನ್ನ ಕರೀತಿದೆಯೋ?" ಅನ್ನುತ್ತಿದ್ದಳು. ಆ ತಂತಿ ಮುಟ್ಟದೆ ಬಾರಿಸೋಕೆ ನೋಡಿದೆ. ಕುಂಟು ಕುದುರೆ ಓಡಿದ ಹಾಗಿತ್ತು.

ದಾರಿ ಸಿಕ್ಕಿದ್ದು ಬೆಟ್ಟದ ಕಡೆ ಬಯಲಲ್ಲಿ ನಡೆದ ಒಂದು ಜಾಮ್‌ನಲ್ಲಿ, ಅಂದರೆ ಬಂದವರೆಲ್ಲ ಸೇರಿ ಬಾರಿಸುವ ಕೂಟದಲ್ಲಿ. ಒಬ್ಬ ಅಜ್ಜ ಹಾಡಿನ ಮಧ್ಯೆ ಎರಡನೇ ತಂತಿಯ ಕಿವಿ ಒಂಚೂರು ತಿರುವಿದರು. ಬಿ ಹೋಗಿ ಸಿ ಆಯಿತು, ಬರೀ ಅರ್ಧ ಸ್ವರ. ಇಲ್ಲಿಯ ಹಳಬರು ಆ ಶ್ರುತಿಯನ್ನು ಸಾಮಿಲ್ ಅಂತಾರೆ. ಸ ಪ ಸ ಮ ಪ! ಅಲ್ಲಿಂದ ಮನೆಗೆ ಮೂರು ಗಂಟೆ ದಾರಿ. ಕಾರಿನ ಹಿಂದಿನ ಸೀಟಿನಲ್ಲೇ ಬಾರಿಸುತ್ತಾ ಬಂದೆ. ಹಳಬರು ಆ ಶ್ರುತಿಯಲ್ಲಿ ಉಗುರಿನಿಂದ ಕೆಳಕ್ಕೆ ಹೊಡೆಯುವುದೇ ಜಾಸ್ತಿ. ನಾನು ರೋಲನ್ನೇ ಇಟ್ಟುಕೊಂಡೆ. ಮೇಲಿನ ಸ, ಅಂದರೆ ಗಿಡ್ಡ ಐದನೇ ತಂತಿ, ಗೀಗಿ ಮೇಳದ ತುಂತುಣಿಯ ಹಾಗೆ ಬಿಡದೆ ಮಿಡಿಯುತ್ತಿರುತ್ತೆ.

ಅಕ್ಕನೂ ಒಂದು ವರ್ಷ ಇಲ್ಲಿಯವರ ಹಾಗೆ ಜಿ-ಡಿ-ಎ-ಇ ಶ್ರುತಿ ಇಟ್ಟುಕೊಂಡು ಒದ್ದಾಡಿದಳು. ಆಮೇಲೆ ನೋಡಿದರೆ ಇಲ್ಲಿಯ ಹಳೇ ಪಿಟೀಲಿನವರೇ ಎಷ್ಟೋ ಹಾಡಿಗೆ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಅದು ನಮ್ಮ ಸ ಪ ಸ ಪ ಅಲ್ವಾ? ಅವಳು ಅದನ್ನೇ ಜಿಗೆ ಇಳಿಸಿಕೊಂಡಳು. ಗಿಟಾರಿನವನಿಗೆ "ಸ-ಪ ಬಿಟ್ಟು ಏನೂ ಹಿಡೀಬೇಡ" ಅಂದೆ. ಎರಡು ವಾರ ಮುನಿಸಿಕೊಂಡು ಬರಲೇ ಇಲ್ಲ. ಹಾರ್ಮನಿ ತೆಗೆದು ಹಿಮ್ಮೇಳ ಹಾಕಿದೆವು: ಅಕ್ಕ ಒಂದು ಸಾಲು, ಉಳಿದವರು ಅದನ್ನೇ ಎತ್ತಿ ಹಾಡೋದು.

ಉಳಿದದ್ದು ಮೈಕಿನ ಗೋಳು. ಬ್ಲೂಗ್ರಾಸ್‌ನ ಹಳೇ ಪದ್ಧತಿಯಂತೆ ಎಲ್ಲರೂ ಒಂದೇ ಮೈಕಿನ ಸುತ್ತ ನಿಲ್ಲಬೇಕು. ಅಕ್ಕನದೋ ಚಕ್ಕಳಮಕ್ಕಳ, ಪಿಟೀಲಿನ ತುದಿ ಕಾಲ ಗಂಟಿನ ಮೇಲೆ. ನಿಂತರೆ ಎಡಗೈ ಪಿಟೀಲು ಹಿಡಿಯೋದರಲ್ಲೇ ಸೋಲುತ್ತೆ, ಗಮಕ ಬರಲ್ಲ. ಆರು ತಿಂಗಳು ನಿಂತು ನೋಡಿದಳು, ಕತ್ತು ನೋವು ಬಂತು. ಕೊನೆಗೆ ನಾನೇ ಪ್ಲೈವುಡ್ ತಂದು ಎರಡೂವರೆ ಅಡಿ ಎತ್ತರದ ಪೀಠ ಹೊಡೆದೆ. ಖರ್ಚು ಸುಮಾರು 60 ಡಾಲರ್. ಅದನ್ನು ಜಗಲಿ ಅಂತೀವಿ. ಅವಳು ಜಗಲಿ ಮೇಲೆ, ನಾವು ಸುತ್ತ ನಿಂತು ಬಗ್ಗುತ್ತೇವೆ. ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತೆ. ಸದ್ದು ದೂರ ಹೋಗಲಿ ಅಂತ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡರಲ್ಲ, ನಾನು ಜಗಲಿ ಕಟ್ಟಿದೆ. ಹೋಲಿಕೆ ಜಾಸ್ತಿಯಾಯಿತೇನೋ, ಇರಲಿ.

ದುಡ್ಡಿನ ವಿಷಯ. ಬ್ಯಾಂಜೋ ಸೆಕೆಂಡ್ ಹ್ಯಾಂಡ್, ಸುಮಾರು 700 ಡಾಲರ್. ಮೈಕು 350ರ ಹತ್ತಿರ. ಮೊದಲ ಕಾರ್ಯಕ್ರಮಕ್ಕೆ 150 ಕೊಟ್ಟರು. ಐದು ಜನಕ್ಕೆ ಹಂಚಿದರೆ ತಲೆಗೆ 30, ನನ್ನ ಪೆಟ್ರೋಲೇ 40. ಒಂದು ಕನ್ನಡ ಕೂಟದವರು ಬಿಸಿಬೇಳೆಬಾತ್ ಬಡಿಸಿ, "ಕರೋಕೆ ಟ್ರ್ಯಾಕ್ ತಂದಿಲ್ವಾ?" ಅಂದರು. ಬಾತ್ ಚೆನ್ನಾಗಿತ್ತು. ಈಗ ಒಂದು ಸಂಜೆಗೆ 800, ಸಾವಿರ ಸಿಗುತ್ತೆ. ಹಾಕಿದ ದುಡ್ಡು ಪೂರ್ತಿ ಬಂದಿಲ್ಲ.

ನಡುವೆ ತಮಟೆ ಹುಚ್ಚೂ ಹತ್ತಿತ್ತು. ಬ್ಲೂಗ್ರಾಸ್‌ನಲ್ಲಿ ಡ್ರಮ್ ಇರಲ್ಲ, ಮ್ಯಾಂಡೊಲಿನ್‌ನ ಚಕ್ ಅನ್ನುವ ತುಂಡು ಏಟೇ ತಾಳ. ಇರಲಿ ಅಂತ ಊರಿಂದ ಒಂದು ತಮಟೆ ತಂದೆ. ಇಲ್ಲಿಯ ಬೇಸಿಗೆ ಸೆಕೆಗೆ ಚರ್ಮ ಜೋಲು ಬಿತ್ತು. ಕಾಯಿಸೋಣ ಅಂತ ಸಭಾಂಗಣದ ಪಾರ್ಕಿಂಗಿನಲ್ಲಿ ಪೇಪರ್ ಹಚ್ಚಿದೆ, ಸೆಕ್ಯುರಿಟಿ ಓಡಿಬಂದರು. ಆಮೇಲೆ ಅಕ್ಕನ ಹೇರ್ ಡ್ರೈಯರ್. ಕಾಯಿತು, ಆದರೆ ಒಂದೇ ಏಟಿಗೆ ಮೈಕನ್ನೆಲ್ಲ ನುಂಗಿತು. ಈಗ ಗೋಡೆ ಮೇಲಿದೆ.

ಜಗಳ ಇಲ್ವಾ ಅಂತ ಕೇಳುತ್ತಾರೆ. ಬ್ಲೂಗ್ರಾಸ್‌ನ ಪಿತಾಮಹ ಬಿಲ್ ಮನ್ರೋ ಮತ್ತು ಜೊತೆಗೇ ಹಾಡುತ್ತಿದ್ದ ಅವರಣ್ಣ ಚಾರ್ಲಿ 1938ರಲ್ಲಿ ಬೇರೆಯಾದರು. ಮರುವರ್ಷವೇ ಬಿಲ್ ತನ್ನ ಬ್ಯಾಂಡ್ ಕಟ್ಟಿ ಹೆಸರು ಮಾಡಿದರು. ಅಕ್ಕ ಸಿಟ್ಟು ಬಂದಾಗಲೆಲ್ಲ ಈ ಕಥೆ ನೆನಪಿಸುತ್ತಾಳೆ.

ಹೋದ ಶರತ್ಕಾಲದಲ್ಲಿ ಒಂದು ಸಂತೆ ಮೈದಾನದಲ್ಲಿ ಬಾರಿಸಿದೆವು. ಎರಡನೇ ಸುತ್ತಿಗೇ ಬೂಟು ಹಾಕಿದ ಮುದುಕರು "ಗೀಯ ಗೀಯ" ಅಂತ ಎತ್ತಿದರು. ಗಿಟಾರಿನವನು ನನ್ನ ಕಡೆ ನೋಡಲೇ ಇಲ್ಲ, ಸ-ಪ ಬಾರಿಸುತ್ತಾ ನಗುತ್ತಿದ್ದ.

ಈಗ ಏಳು ಮಾತ್ರೆಯ ಪದ ಹಿಡಿದಿದ್ದೇನೆ. ರೋಲಿಗೆ ಎಂಟೇ ಅಭ್ಯಾಸ. ಮೂರು-ಎರಡು-ಎರಡು ಅಂತ ಒಡೆದರೂ ಹೆಬ್ಬೆರಳು ತಾನಾಗೇ ಎಂಟನೆಯದಕ್ಕೆ ಹೋಗಿಬಿಡುತ್ತೆ. ಅಕ್ಕ ಜಗಲಿ ಮೇಲೆ ಕೂತು ತೊಡೆ ತಟ್ಟುತ್ತಾಳೆ. ನಾನು ತಪ್ಪಿದ ಕೂಡಲೇ ನಿಲ್ಲಿಸಿ, ಏನೂ ಅನ್ನದೆ ಮತ್ತೆ ಒಂದರಿಂದ ಶುರು ಮಾಡುತ್ತಾಳೆ.