ನಮ್ಮ ಸ್ಟ್ರಕ್ಚರ್ ಮೇಲೆ ಯಾರು ಬರೀತಿದಾರೆ? ಎಂಪ್ರೊಟೆಕ್ಟ್ ಹಾಕಿ ಕಳ್ಳನ್ನ ಹಿಡಿಯೋದು ಹೇಗೆ

ಸಿ ಬರೆಯೋರಿಗೆಲ್ಲ ಈ ಕಾಟ ಒಂದಲ್ಲ ಒಂದಿನ ಬಂದೇ ಬರುತ್ತೆ. ಒಂದು ಸ್ಟ್ರಕ್ಚರ್ ಇರುತ್ತೆ, ಶುರುವಲ್ಲಿ ಒಂದ್ಸಲ ತುಂಬಿರ್ತೀವಿ, ಆಮೇಲೆ ಯಾರೂ ಮುಟ್ಟಲ್ಲ ಅಂದ್ಕೊಂಡಿರ್ತೀವಿ, ಎರಡು ಗಂಟೆ ಓಡಿದ್ಮೇಲೆ ನೋಡಿದ್ರೆ ಅದರೊಳಗೆ ಬರೀ ಕಸ. ಕ್ರ್ಯಾಶ್ ಆಗೋದು ಎಲ್ಲೋ, ತಪ್ಪು ನಡೆದಿದ್ದು ಇನ್ನೆಲ್ಲೋ. ನಾನು ಮೂರು ದಿನ ಪ್ರಿಂಟ್‌ಎಫ್ ಹಾಕ್ಕೊಂಡು ಕೂತಿದ್ದೆ. ಆಮೇಲೆ ತಲೆಗೆ ಹೊಳೀತು, ಈ ಕಾವಲು ಕೆಲಸ ಕರ್ನಲ್ (ಓಎಸ್‌ನ ತಿರುಳು) ಕೈಲೇ ಮಾಡಿಸಬಹುದಲ್ಲ ಅಂತ. ಅದಕ್ಕಿರೋದೇ ಎಂಪ್ರೊಟೆಕ್ಟ್, ಮೆಮೊರಿಗೆ ಓದೋ ಬರೆಯೋ ಹಕ್ಕು ಬದಲಿಸೋ ಸಿಸ್ಟಂ ಕಾಲ್, ಅಂದ್ರೆ ಕರ್ನಲ್‌ಗೆ ಕೊಡೋ ಕರೆ. ಇಲ್ಲಿ ಹೇಳ್ತಿರೋದೆಲ್ಲ ಲಿನಕ್ಸ್, ಎಕ್ಸ್86-64 ಲೆಕ್ಕ.

ಜಿಡಿಬಿ ಅನ್ನೋ ಡೀಬಗ್ಗರಲ್ಲಿ ವಾಚ್‌ಪಾಯಿಂಟ್, ಅಂದ್ರೆ ಒಂದು ಜಾಗ ಬದಲಾದ ತಕ್ಷಣ ಪ್ರೋಗ್ರಾಂ ನಿಲ್ಲಿಸೋ ಸೌಲಭ್ಯ ಇದೆಯಲ್ಲ ಅಂತೀರಾ? ಇದೆ, ಒಂದು ಇಂಟ್ ಕಾಯೋಕೆ ಅದೇ ಸಾಕು. ಆದ್ರೆ ಪ್ರೊಸೆಸರಲ್ಲಿ ಅದಕ್ಕಿರೋ ಡೀಬಗ್ ರಿಜಿಸ್ಟರ್ ನಾಲ್ಕೇ ನಾಲ್ಕು, ಒಂದೊಂದೂ ಹೆಚ್ಚಂದ್ರೆ 8 ಬೈಟ್ ಕಾಯುತ್ತೆ. 300 ಬೈಟ್ ಟೇಬಲ್ ಅಂದ್ರೆ ಅದರ ಕೈಲಿ ಆಗಲ್ಲ.

ಮೆಮೊರಿ ಪ್ರೊಟೆಕ್ಷನ್ ನಡೆಯೋದು ಪೇಜ್ ಲೆಕ್ಕದಲ್ಲಿ, ಅಂದ್ರೆ 4096 ಬೈಟ್. ಅದಕ್ಕಿಂತ ಸಣ್ಣ ತುಂಡಿಗೆ ಬೀಗ ಹಾಕೋಕಾಗಲ್ಲ. ಹಾಗಾಗಿ ಮೊದಲು ಸ್ಟ್ರಕ್ಚರಿಗೆ ಅದರದ್ದೇ ಪೇಜ್ ಕೊಡಿ, ಮ್ಯಾಲಕ್ ಬಿಟ್ಟು, ಕರ್ನಲ್ ಹತ್ರ ನೇರ ಪೇಜ್ ಕೇಳೋ ಎಂಮ್ಯಾಪಲ್ಲಿ ಅನಾನಿಮಸ್ (ಯಾವ ಫೈಲಿಗೂ ಸೇರದ) ಪ್ರೈವೇಟ್ ಅಂತ ತಗೊಳಿ. ಮ್ಯಾಲಕ್ ಮಾಡಿದ ಜಾಗಕ್ಕೆ ಬೀಗ ಹಾಕಿದ್ರೆ ಅದೇ ಪೇಜಲ್ಲಿ ಬಾಡಿಗೆಗಿರೋ ಬೇರೆ ಡೇಟಾನೂ ಒಳಗೆ ಸಿಕ್ಕಾಕ್ಕೊಳುತ್ತೆ, ಮ್ಯಾಲಕ್ ತನ್ನ ಲೆಕ್ಕ ಬರೆಯೋಕೆ ಬಂದ್ರೂ ಫಾಲ್ಟ್ (ಹಕ್ಕಿಲ್ಲದ ಜಾಗ ಮುಟ್ಟಿದ ತಪ್ಪು) ಹೊಡೆಯುತ್ತೆ. ಸ್ಟ್ರಕ್ಚರ್ ತುಂಬಿ ಆದ್ಮೇಲೆ ಎಂಪ್ರೊಟೆಕ್ಟ್ ಕರೆದು ಬರೀ ರೀಡ್ ಪರ್ಮಿಷನ್ ಕೊಡಿ. ಅಡ್ರೆಸ್ ಪೇಜಿನ ಶುರುಗೇ ಸರಿಯಾಗಿ ಇರಬೇಕು, ಇಲ್ದಿದ್ರೆ ಇನ್ವಾಲಿಡ್ ಆರ್ಗ್ಯುಮೆಂಟ್ ಅಂತ ವಾಪಸ್ ಬರುತ್ತೆ, ರಿಟರ್ನ್ ವ್ಯಾಲ್ಯೂ ನೋಡದೆ ಮುಂದೆ ಹೋದ್ರೆ ಬೀಗ ಬಿದ್ದೇ ಇರಲ್ಲ, ನೀವು ಬಿದ್ದಿದೆ ಅಂತ ನಂಬ್ಕೊಂಡು ಕೂತಿರ್ತೀರ.

ಒಂದು ಎಚ್ಚರ. ಸ್ಟ್ರಕ್ಚರನ್ನ ಬೇರೆ ಪೇಜಿಗೆ ಎತ್ತಿಟ್ಟ ತಕ್ಷಣ ಅದರ ಅಕ್ಕಪಕ್ಕ ಯಾರಿದ್ರು ಅನ್ನೋದೇ ಬದಲಾಗುತ್ತೆ. ಹಳೇ ಪಾಯಿಂಟರ್ ಹಿಡ್ಕೊಂಡು ಬರೆಯೋನು ಆದ್ರೆ ಸಿಗ್ತಾನೆ. ಆದ್ರೆ ಪಕ್ಕದ ಬಫರ್ ತುಂಬಿ ಈಕಡೆ ಚೆಲ್ತಿದ್ರೆ, ಅದು ಈಗ ಬೇರೆ ಯಾರ ಮೇಲೋ ಚೆಲ್ಲುತ್ತೆ, ನಮಗೆ ಬಗ್ ಹೋಯ್ತು ಅಂತ ಖುಷಿ. ಹಾಗೆ ಅನುಮಾನ ಇದ್ರೆ ಜೋಡಿ ಪೇಜ್ ತಗೊಂಡು, ಬಫರನ್ನ ಮೊದಲನೇ ಪೇಜಿನ ಕೊನೆಗೆ ಅಂಟಿಸಿ, ಸ್ಟ್ರಕ್ಚರನ್ನ ಎರಡನೇ ಪೇಜಿನ ಶುರುಲಿ ಇಡಿ. ಬ್ರೂಸ್ ಪೆರೆನ್ಸ್ ಬರೆದ ಎಲೆಕ್ಟ್ರಿಕ್ ಫೆನ್ಸ್ ಅನ್ನೋ ಹಳೇ ಟೂಲ್ ಮಾಡೋದೂ ಹೆಚ್ಚುಕಮ್ಮಿ ಇದನ್ನೇ, ಪ್ರತಿ ಮ್ಯಾಲಕ್ ತುದಿಗೂ ಮುಟ್ಟಿದ್ರೆ ಶಾಕ್ ಹೊಡೆಯೋ ಪೇಜ್ ಇಡುತ್ತೆ.

ಈಗ ಯಾರಾದ್ರೂ ಬರೆಯೋಕೆ ಬಂದ್ರು ಅಂದ್ಕೊಳಿ. ಪ್ರತಿ ಪೇಜಿನ ಹಕ್ಕು ಬರೆದಿಟ್ಟಿರೋ ಪೇಜ್ ಟೇಬಲ್ ಎಂಟ್ರಿಲಿ ರೈಟ್ ಬಿಟ್ ಇಲ್ಲ, ಪ್ರೊಸೆಸರ್ 14ನೇ ನಂಬರಿನ ಎಕ್ಸೆಪ್ಷನ್ ಎತ್ತುತ್ತೆ, ಅದೇ ಪೇಜ್ ಫಾಲ್ಟು, ಮುಟ್ಟೋಕೆ ಹೋದ ಅಡ್ರೆಸ್ ಸಿಆರ್2 ರಿಜಿಸ್ಟರಲ್ಲಿ ಕೂರುತ್ತೆ. ಕರ್ನಲ್ ತನ್ನ ಲಿಸ್ಟ್ ತೆಗೆದು ನೋಡುತ್ತೆ, ಈ ಜಾಗ ಇವನದ್ದೇ, ಆದ್ರೆ ಬರೆಯೋ ಹಕ್ಕಿಲ್ಲ. ಫಾಲ್ಟ್ ಮಾಡಿದ ಥ್ರೆಡ್ಡಿಗೇ ಸಿಗ್‌ಸೆಗ್‌ವಿ ಅನ್ನೋ ಸಿಗ್ನಲ್ (ತಪ್ಪು ಮೆಮೊರಿ ಮುಟ್ಟಿದ್ದೀಯ ಅನ್ನೋ ಸೂಚನೆ) ಕಳಿಸುತ್ತೆ, ಅದರ ನಂಬರ್ 11. ನೀವೇನೂ ಮಾಡದಿದ್ರೆ ಪ್ರೋಗ್ರಾಂ ಸತ್ತು ಶೆಲ್ಲಲ್ಲಿ 139 ಕಾಣುತ್ತೆ, 128ಕ್ಕೆ 11 ಸೇರಿಸಿದ್ದು.

ನಿಜ ಹೇಳ್ಬೇಕಂದ್ರೆ ಬಹಳಷ್ಟು ಸಲ ಇಷ್ಟೇ ಸಾಕು. ಸಾಯೋಕೆ ಬಿಡಿ, ಕೋರ್ ಫೈಲನ್ನ (ಸಾಯೋ ಹೊತ್ತಿನ ಮೆಮೊರಿ ಚಿತ್ರ) ಜಿಡಿಬಿಲಿ ತೆಗೆದು ಬಿಟಿ, ಅಂದ್ರೆ ಯಾವ ಫಂಕ್ಷನ್ ಯಾವುದನ್ನ ಕರೀತು ಅಂತ ತೋರಿಸೋ ಕಮಾಂಡ್, ಹೊಡೀರಿ, ಕಳ್ಳನ ಮನೆ ವಿಳಾಸ ಅಲ್ಲೇ ಇರುತ್ತೆ. ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡೋ ನಮ್ಮದೇ ಫಂಕ್ಷನ್) ಬೇಕಾಗೋದು ಪ್ರೋಗ್ರಾಂ ನಿಲ್ಲಿಸೋ ಹಾಗಿಲ್ಲ ಅಂದಾಗ, ಇಲ್ಲಾ ನ್ಯಾಯವಾಗಿ ಬರೆಯೋರೂ ಅದೇ ಜಾಗಕ್ಕೆ ಬರ್ತಾರೆ ಅಂದಾಗ.

ಹ್ಯಾಂಡ್ಲರಿಗೆ ಹಳೇ ಸಿಗ್ನಲ್ ಫಂಕ್ಷನ್ ಬೇಡ, ಸಿಗ್‌ಆಕ್ಷನ್ ಜೊತೆ ಎಸ್‌ಎ-ಸಿಗ್‌ಇನ್ಫೋ ಫ್ಲ್ಯಾಗ್ ಹಾಕಿ. ಆಗ ಹ್ಯಾಂಡ್ಲರಿಗೆ ಬರೋ ಮಾಹಿತಿಲಿ ಎಸ್‌ಐ-ಅಡ್ರ್ ಅಲ್ಲಿ ಯಾವ ಅಡ್ರೆಸ್ ಅಂತ ಸಿಗುತ್ತೆ, ಎಸ್‌ಐ-ಕೋಡ್ 1 ಇದ್ರೆ ಅಲ್ಲಿ ಮ್ಯಾಪೇ ಇಲ್ಲ, 2 ಇದ್ರೆ ಮ್ಯಾಪ್ ಇದೆ ಪರ್ಮಿಷನ್ ಇಲ್ಲ. ನಮಗೆ ಬೇಕಾಗಿರೋದು ಈ 2. ಅಡ್ರೆಸ್ ನಮ್ಮ ಪೇಜಿಂದಲ್ಲ ಅಂದ್ರೆ ಸಿಗ್ನಲನ್ನ ಡೀಫಾಲ್ಟಿಗೆ ತಿರುಗಿಸಿ ಸುಮ್ನೆ ರಿಟರ್ನ್ ಆಗಿ, ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡಿ ಮತ್ತೆ ಫಾಲ್ಟ್ ಆಗಿ ಸರಿಯಾದ ಜಾಗದಲ್ಲೇ ಕೋರ್ ಬೀಳುತ್ತೆ.

ಈ ಮತ್ತೆ ಓಡೋ ವಿಷಯಾನೇ ಎಲ್ಲರೂ ಎಡವೋ ಜಾಗ. ಹ್ಯಾಂಡ್ಲರ್ ರಿಟರ್ನ್ ಆಯ್ತು ಅಂದ್ರೆ ಮುಂದಿನ ಸಾಲಿಗೆ ಹೋಗ್ತೀವಿ ಅಂದ್ಕೊಳ್ತಾರೆ. ಇಲ್ಲ, ಹ್ಯಾಂಡ್ಲರ್ ಮುಗಿದಾಗ ಓಡೋ ಸಿಗ್‌ರಿಟರ್ನ್ ಹಳೇ ರಿಜಿಸ್ಟರೆಲ್ಲ ವಾಪಸ್ ಇಟ್ಟು ಅದೇ ಇನ್‌ಸ್ಟ್ರಕ್ಷನಿಗೆ ಹೋಗುತ್ತೆ. ಒಳಗೆ ಏನೂ ಸರಿಮಾಡದೆ ರಿಟರ್ನ್ ಆದ್ರೆ ಫಾಲ್ಟ್, ಹ್ಯಾಂಡ್ಲರ್, ಫಾಲ್ಟ್, ಹ್ಯಾಂಡ್ಲರ್ ಅಂತ ಗಾಣ ತಿರುಗ್ತಾನೇ ಇರುತ್ತೆ. ಹಾಗಾಗಿ ಹ್ಯಾಂಡ್ಲರಲ್ಲಿ ಮೂರನೇ ಆರ್ಗ್ಯುಮೆಂಟಾಗಿ ಬರೋ ಯು-ಕಾಂಟೆಕ್ಸ್ಟಿಂದ (ಉಳಿಸಿಟ್ಟ ರಿಜಿಸ್ಟರ್‌ಗಳ ಕಟ್ಟು) ಆರ್‌ಐಪಿ, ಅಂದ್ರೆ ಓಡ್ತಿರೋ ಇನ್‌ಸ್ಟ್ರಕ್ಷನಿನ ಅಡ್ರೆಸ್, ತೆಗೆದು ಬರೆದಿಟ್ಕೊಳಿ, ಪೇಜಿಗೆ ರೈಟ್ ಪರ್ಮಿಷನ್ ಕೊಡಿ, ಉಳಿಸಿಟ್ಟ ಫ್ಲ್ಯಾಗ್ಸ್ ರಿಜಿಸ್ಟರಲ್ಲಿ 8ನೇ ಬಿಟ್ ಏರಿಸಿ, ಅದು ಟ್ರ್ಯಾಪ್ ಫ್ಲ್ಯಾಗು. ಈಗ ರಿಟರ್ನ್ ಆದ್ರೆ ಆ ಒಂದೇ ಒಂದು ಇನ್‌ಸ್ಟ್ರಕ್ಷನ್ ಓಡಿ ಸಿಗ್‌ಟ್ರ್ಯಾಪ್ ಅನ್ನೋ ಇನ್ನೊಂದು ಸಿಗ್ನಲ್ ಬರುತ್ತೆ, ಅದರ ಹ್ಯಾಂಡ್ಲರಲ್ಲಿ ಮತ್ತೆ ಬೀಗ ಹಾಕಿ ಬಿಟ್ ಇಳಿಸಿ. ಬಾಗಿಲು ತೆಗೆದು ಒಬ್ಬನ್ನ ಬಿಟ್ಟು ತಕ್ಷಣ ಮುಚ್ಚಿದ ಹಾಗೆ. ಬೇರೆ ಥ್ರೆಡ್ ಆ ಸಂದೀಲಿ ನುಗ್ಗಬಹುದು, ಅದಕ್ಕೆ ಇಲ್ಲಿ ಔಷಧಿ ಇಲ್ಲ.

ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್, ಮ್ಯಾಲಕ್ ಬೇಡ್ವೇ ಬೇಡ. ಮ್ಯಾಲಕ್ ಲಾಕ್ ಹಿಡ್ಕೊಂಡಿದ್ದಾಗಲೇ ಫಾಲ್ಟ್ ಆಗಿದ್ರೆ ಅಲ್ಲೇ ಹ್ಯಾಂಗ್. ಆರ್‌ಐಪಿನ ಒಂದು ಅರೇಗೆ ಹಾಕಿ, ಇಲ್ಲಾ ನೇರ ರೈಟ್ ಸಿಸ್ಟಂ ಕಾಲಲ್ಲಿ ಬರೀರಿ. ನೋ-ಪೈ (ಪ್ರೋಗ್ರಾಂನ ಅಡ್ರೆಸ್ ಪ್ರತಿ ಸಲ ಬದಲಾಗದ ಹಾಗೆ ಮಾಡೋ ಆಯ್ಕೆ) ಹಾಕಿ ಕಂಪೈಲ್ ಮಾಡಿದ್ರೆ ಆ ನಂಬರನ್ನ ಹಾಗೇ ಅಡ್ರ್‌2ಲೈನ್ ಅನ್ನೋ ಟೂಲಿಗೆ ಕೊಟ್ಟು ಸಾಲಿನ ನಂಬರ್ ತಗೋಬಹುದು. ಸ್ಟ್ಯಾಕ್ ಓವರ್‌ಫ್ಲೋನೂ ಇದೇ ಹ್ಯಾಂಡ್ಲರಲ್ಲಿ ಹಿಡಿಬೇಕಂದ್ರೆ ಸಿಗ್‌ಆಲ್ಟ್‌ಸ್ಟ್ಯಾಕ್, ಅಂದ್ರೆ ಹ್ಯಾಂಡ್ಲರಿಗೆ ಬೇರೆ ಸ್ಟ್ಯಾಕ್ ಕೊಡೋ ಕಾಲ್, ಬೇಕು, ತುಂಬಿಹೋದ ಸ್ಟ್ಯಾಕ್ ಮೇಲೆ ಹ್ಯಾಂಡ್ಲರ್ ನಿಲ್ಲೋದಾದ್ರೂ ಎಲ್ಲಿ.

ಇಷ್ಟೆಲ್ಲ ಮಾಡಿ ನಾನು ಬಫರ್ ಪಕ್ಕ ಸ್ಟ್ರಕ್ಚರ್ ಇಟ್ಟು ರಾತ್ರಿಯಿಡೀ ಓಡಿಸಿದೆ, ಒಂದೇ ಒಂದು ಸಿಗ್ನಲ್ ಬರ್ಲಿಲ್ಲ. ಸ್ಟ್ರಕ್ಚರೂ ಕೆಟ್ಟಿರ್ಲಿಲ್ಲ, ಅದೇ ವಿಚಿತ್ರ. ಆಮೇಲೆ ನೆನಪಾಯ್ತು, ಸಿಸ್ಟಂ ಕಾಲ್ ಒಳಗೆ ನಮ್ಮ ಬಫರಿಗೆ ಬರೆಯೋದು ಕರ್ನಲ್ ತಾನೇ, ಅದು ಬೀಗ ಹಾಕಿದ ಪೇಜಿಗೆ ಡಿಕ್ಕಿ ಹೊಡೆದ್ರೆ ಸಿಗ್ನಲ್ ಕೊಡಲ್ಲ, ಸುಮ್ನೆ ಇ-ಫಾಲ್ಟ್ ಅನ್ನೋ ಎರರ್ ಕೊಟ್ಟು ವಾಪಸ್ ಬರುತ್ತೆ, ಇಲ್ಲಾಂದ್ರೆ ಕಮ್ಮಿ ಬೈಟ್ ಓದಿದೆ ಅಂತ ಹೇಳುತ್ತೆ. ಸಿಸ್ಟಂ ಕಾಲ್‌ಗಳನ್ನೆಲ್ಲ ತೋರಿಸೋ ಎಸ್‌ಟ್ರೇಸ್ ಹಾಕಿ ಇ-ಫಾಲ್ಟ್ ಹುಡುಕಿದೆ, ಸಿಕ್ತು: 512 ಬೈಟ್ ಬಫರಿಗೆ ರಿಸೀವ್ ಕಾಲಲ್ಲಿ 1024 ಅಂತ ಸೈಜ್ ಕೊಟ್ಟಿದ್ದೆ, ದೊಡ್ಡ ಪ್ಯಾಕೆಟ್ ಬಂದಾಗ ಮಾತ್ರ ಚೆಲ್ತಿತ್ತು. ರಿಟರ್ನ್ ವ್ಯಾಲ್ಯೂ ಚೆಕ್ ಮಾಡಿರ್ಲಿಲ್ಲ. ಬರೆದಿದ್ದು ನಾನೇ.