ಹಳೇ ಜರ್ಮನ್ ಫೋಟೋದ ಹೆಂಗಸಿಗೆ ಹೆಸರು ಹುಡುಕುವುದು ಹೇಗೆ?

ಜರ್ಮನಿಯ ಹಳೇ ಫೋಟೋ ಸಂಗ್ರಹಗಳಿಗೆ ಪಟ್ಟಿ ಬರೆಯುವುದು ನನ್ನ ಕೆಲಸ. ರಟ್ಟಿನ ಪೆಟ್ಟಿಗೆಯಿಂದ ಹೊರಬರುವ ಗಂಡಸರಿಗೆ ಹೆಸರಿರುತ್ತದೆ. ಹೆಂಗಸರ ಫೋಟೋ ಹಿಂದೆ ಬಹಳ ಸಲ ‘ಜನರಲ್‌ ಪತ್ನಿ’ ಎಂದಷ್ಟೇ ಬರೆದಿರುತ್ತದೆ. ಅಂಥವರ ಎದೆ ಮೇಲೊಂದು ಪದಕ ಕಂಡರೆ ನನಗೆ ಜೀವ ಬಂದಂತಾಗುತ್ತದೆ. ಅದು ಗಂಡನದ್ದಲ್ಲ, ಅವರಿಗೇ ಸಂದದ್ದು. ಅದರ ಜಾಡು ಹಿಡಿದರೆ ಹೆಸರಿನವರೆಗೂ ಹೋಗಬಹುದು.

ಮೊದಲು ಎಡಭುಜದ ಕೆಳಗೆ ನೋಡಿ. ಹೆಂಗಸರ ಪದಕ ಸಾಮಾನ್ಯವಾಗಿ ರಿಬ್ಬನ್ನಿನ ಬೋ ಕೆಳಗೆ ತೂಗುತ್ತದೆ. ಲೇಸು, ಮಡಿಕೆಗಳ ನಡುವೆ ಅಲಂಕಾರದ ಗಂಟೇನೋ ಎನಿಸಿಬಿಡುತ್ತದೆ, ಹಾಗಾಗಿ ಭೂತಗನ್ನಡಿ ಬೇಕೇ ಬೇಕು.

ಬಿಳಿ ರಿಬ್ಬನ್, ಅಂಚಿನ ಬಳಿ ಕಪ್ಪು ಪಟ್ಟೆ, ಕೆಳಗೆ ಪುಟ್ಟ ಕಪ್ಪು ಶಿಲುಬೆ ಇದ್ದರೆ ಅದು ಜರ್ಮನಿಯ ಹಳೇ ರಾಜ್ಯ ಪ್ರಷ್ಯಾದ ಲೂಯಿಸೆ ಆರ್ಡರ್. ಆರ್ಡರ್ ಎಂದರೆ ಅರಸು ಮನೆತನ ಪದಕದೊಂದಿಗೆ ಕೊಡುತ್ತಿದ್ದ ಗೌರವ. ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ಹೆಂಗಸರಿಗಾಗಿ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ 1814ರ ಆಗಸ್ಟ್ 3ರಂದು ಸ್ಥಾಪಿಸಿದ್ದು. ಹೆಸರು 1810ರಲ್ಲಿ ತೀರಿಕೊಂಡ ರಾಣಿ ಲೂಯಿಸೆಯದು. ಮೊದಲಿಗೆ ನೂರೇ ಮಂದಿ ಎಂಬ ಮಿತಿ ಇತ್ತು. ಆದರೆ ದೊಡ್ಡ ಮನೆತನವೇ ಆಗಬೇಕು, ಮದುವೆ ಆಗಿರಲೇಬೇಕು ಎಂಬ ಕಟ್ಟುಪಾಡು ಇರಲಿಲ್ಲ; ನನಗೆ ಈ ಪದಕದ ಮೇಲೆ ಅಷ್ಟು ಅಕ್ಕರೆ ಇರುವುದೇ ಅದಕ್ಕೆ. ನಡುವಿನ ನೀಲಿ ಬಿಲ್ಲೆಯಲ್ಲಿ ‘ಎಲ್’ ಅಕ್ಷರ, ಸುತ್ತ ಏಳು ನಕ್ಷತ್ರ. ಪದಕವೇ ಕೈಗೆ ಸಿಕ್ಕಿದರೆ ತಿರುಗಿಸಿ ನೋಡಿ. 1813/14 ಎಂದಿದ್ದರೆ ಮೊದಲ ತಲೆಮಾರಿನದು. 1848/49 ಎಂದಿದ್ದರೆ 1850ರ ನವೀಕರಣದ ನಂತರದ್ದು.

ಶಿಲುಬೆ ಇಲ್ಲವೆಂದು ಕೈಬಿಡಬೇಡಿ. ಬರ್ಲಿನ್ನಿನ ಅಮಾಲಿಯೆ ಬೇರ್ ಯಹೂದಿ ಮಹಿಳೆ, ಸಂಗೀತಗಾರ ಮೇಯರ್‌ಬೇರ್ ಅವರ ತಾಯಿ. ಅವರ ಧರ್ಮವನ್ನು ಗೌರವಿಸಿ ಶಿಲುಬೆಯ ಬದಲು ರಾಣಿಯ ಮುಖವಿದ್ದ ಪದಕ ಕೊಟ್ಟರು.

ಇನ್ನು ನಾನು ಎಡವಿದ ಜಾಗ. ಒಬ್ಬ ‘ಜನರಲ್‌ ಪತ್ನಿ’ಯ ಫೋಟೋದಲ್ಲಿ ತಿಳಿ ಬಣ್ಣದ ರಿಬ್ಬನ್, ಗಾಢ ಅಂಚು. ಕಣ್ಣು ಮುಚ್ಚಿಕೊಂಡು ಲೂಯಿಸೆ ಎಂದು ಬರೆದೆ. ಆ ಕಾಲದಲ್ಲಿ ಫೋಟೋ ಮೂಡಿಸುತ್ತಿದ್ದ ಗಾಜಿನ ಫಲಕದಲ್ಲಿ ನೀಲಿ ಬಿಳಿಚಿಕೊಳ್ಳುತ್ತದೆ, ಕೆಂಪು ಕಪ್ಪಾಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಕೆಂಪಂಚಿನ ನೀಲಿ ರಿಬ್ಬನ್ ಇರುವುದು ದಕ್ಷಿಣ ಜರ್ಮನಿಯ ಬವೇರಿಯಾ ರಾಜ್ಯದ ಸಂತ ಎಲಿಸಬೆತ್ ಆರ್ಡರ್‌ಗೆ! 1766ರಲ್ಲಿ ಅರಸು ಮನೆತನದ ಎಲಿಸಬೆತ್ ಆಗುಸ್ಟೆ ಶುರು ಮಾಡಿದ್ದು, ಕ್ಯಾಥೊಲಿಕ್ ಸ್ತ್ರೀಯರಿಗೆ, ದಾನಧರ್ಮಕ್ಕಾಗಿ. ಮತ್ತೆ ಭೂತಗನ್ನಡಿ ಇಟ್ಟು ನೋಡಿದರೆ ಶಿಲುಬೆ ಬೆಳ್ಳಗಿತ್ತು. ಫೋಟೋ ಅಂಟಿಸಿದ ಕಾರ್ಡಿನ ಕೆಳಗಿನ ಸ್ಟುಡಿಯೋ ವಿಳಾಸ ಬವೇರಿಯಾದ ರಾಜಧಾನಿ ಮ್ಯೂನಿಕ್‌ನದು. ರಿಬ್ಬನ್ ನಂಬಬೇಡಿ, ಶಿಲುಬೆಯ ಬಣ್ಣ ನೋಡಿ, ಊರು ನೋಡಿ.

ಕಪ್ಪು ಶಿಲುಬೆಯ ನಡುವೆ ಬಿಳಿ ಬಿಲ್ಲೆ, ಅದರೊಳಗೆ ಇನ್ನೊಂದು ಪುಟ್ಟ ಶಿಲುಬೆ ಇದ್ದರೆ 1871ರಲ್ಲಿ ಪ್ರಷ್ಯಾ ಹೆಂಗಸರಿಗೆಂದೇ ತಂದ ಸೇವಾ ಶಿಲುಬೆ, ಒಳಗಿನದು ರೆಡ್‌ಕ್ರಾಸ್. ‘ಟಿ’ ಅಕ್ಷರ ಕಂಡರೆ ಬವೇರಿಯಾದ ರಾಣಿ ತೆರೇಸೆ 1827ರಲ್ಲಿ ಸ್ಥಾಪಿಸಿದ ತೆರೇಸೆ ಆರ್ಡರ್. ಮದುವೆಯಾಗದ ಕುಲೀನ ಹೆಣ್ಣುಮಕ್ಕಳಿಗೆ ಅದರಿಂದ ವರ್ಷಾಶನ ಸಿಗುತ್ತಿತ್ತು.

ಪದಕ ತಿಳಿಯಿತೇ? ಈಗ ಪದಕ ಪಡೆದವರ ಹೆಸರಿರುವ ಅಚ್ಚಾದ ಪಟ್ಟಿಗೆ ಬನ್ನಿ. ಪ್ರಷ್ಯಾದ್ದಾದರೆ ಅಲ್ಲಿನ ಆರ್ಡರ್ ಪಟ್ಟಿ, ಬವೇರಿಯಾದ್ದಾದರೆ ಆಸ್ಥಾನ ಮತ್ತು ರಾಜ್ಯದ ಕೈಪಿಡಿ. ಸ್ಕ್ಯಾನ್ ಪ್ರತಿಗಳು ಗ್ರಂಥಾಲಯಗಳಲ್ಲಿವೆ. ಫೋಟೋ ತೆಗೆದ ಕಾಲ ಅಂದಾಜಿಸಿ, ಆಸುಪಾಸಿನ ನಾಲ್ಕೈದು ವರ್ಷದ ಸಂಪುಟ ತೆರೆಯಿರಿ. ಗಂಡನ ಅಡ್ಡಹೆಸರು ಗೊತ್ತಿದ್ದರೆ ಅದರಡಿ ಹುಡುಕಿ. ಹುಟ್ಟಿದ ಮನೆಯ ಹೆಸರೂ ಜೊತೆಗಿದ್ದರೆ ಬಿಡದೆ ಬರೆದುಕೊಳ್ಳಿ. ಆ ಮ್ಯೂನಿಕ್‌ ಫೋಟೋದ ಅಜ್ಜಿ ನನಗೆ ಸಿಕ್ಕಿದ್ದು ತೆರೆದ ಮೂರನೇ ಸಂಪುಟದಲ್ಲಿ. ಲಕೋಟೆಯ ಮೇಲೆ ಮೆತ್ತನೆ ಪೆನ್ಸಿಲ್‌ನಲ್ಲಿ ಮೊದಲು ಅವರ ಹೆಸರು ಬರೆದೆ, ಜನರಲ್‌ರ ಹೆಸರನ್ನು ಅದರ ಕೆಳಗೆ.