ತಕ್ಕಡಿ ಲೈಬ್ರರಿಯ ಹೆಡರ್ ಫೈಲು: ಕೈಬರಹ ಬಿಟ್ಟು ಸಿಬೈಂಡ್‌ಜೆನ್ ಹಿಡಿದದ್ದು

ಕೋಲಾರದ ಮಂಡಿಗಳಲ್ಲಿ ಟೊಮೆಟೊ ಬಾಕ್ಸ್ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದುವ ಲೈಬ್ರರಿ ಇದು. ಒಳಗಿನ ಕೋಡ್ ರಸ್ಟ್ ಭಾಷೆಯದು; ಬಳಸುವುದು ಸಿ, ಸಿ ಪ್ಲಸ್ ಪ್ಲಸ್‌ನ ಬಿಲ್ಲಿಂಗ್ ಪ್ರೋಗ್ರಾಂಗಳು. ಲೈಬ್ರರಿಯಲ್ಲಿ ಏನೇನಿದೆ ಎಂದು ಆ ಪ್ರೋಗ್ರಾಂಗಳಿಗೆ ಹೇಳುವ ಹೆಡರನ್ನು ಕೈಯಲ್ಲಿ ಬರೆದಿಟ್ಟರೆ, ರಸ್ಟ್ ಕಡೆ ಒಂದು ಫೀಲ್ಡ್ ಜಾಗ ಬದಲಿಸಿದರೂ ಕಂಪೈಲರ್, ಲಿಂಕರ್ ಎರಡೂ ತುಟಿ ಪಿಟಕ್ಕೆನ್ನುವುದಿಲ್ಲ. ಬಿಲ್ಲಿನಲ್ಲಿ ತೂಕ ತಪ್ಪಿದಾಗಲೇ ಗೊತ್ತಾಗುವುದು. ಅದಕ್ಕೇ ರಸ್ಟ್ ಕೋಡ್ ಓದಿ ಹೆಡರನ್ನು ತಾನೇ ಬರೆಯುವ ಸಿಬೈಂಡ್‌ಜೆನ್ ಎಂಬ ಟೂಲ್ ಹಿಡಿದೆ.

ಕಾನ್ಫಿಗ್ ಫೈಲಿನಲ್ಲಿ ಭಾಷೆ ಸಿ ಎಂದು ಹೇಳಲೇಬೇಕು, ಇಲ್ಲದಿದ್ದರೆ ಸಿಬೈಂಡ್‌ಜೆನ್ ತನ್ನಷ್ಟಕ್ಕೆ ಸಿ ಪ್ಲಸ್ ಪ್ಲಸ್ ಹೆಡರ್ ಬರೆಯುತ್ತದೆ. ಜೊತೆಗೆ ಎರಡು ಆಯ್ಕೆ: ಒಂದೇ ಹೆಡರ್ ಎರಡು ಸಲ ಸೇರದಂತೆ ತಡೆಯುವ ಇನ್‌ಕ್ಲೂಡ್ ಗಾರ್ಡ್, ಹೆಡರನ್ನು ಸಿ ಪ್ಲಸ್ ಪ್ಲಸ್‌ಗೂ ಒಗ್ಗಿಸುವ ಸಿಪಿಪಿ ಕಂಪ್ಯಾಟ್. ಎರಡನೆಯದು ಇಲ್ಲದಿದ್ದರೆ ಸಿ ಪ್ಲಸ್ ಪ್ಲಸ್‌ನವರಿಗೆ ಲಿಂಕ್ ಮಾಡುವಾಗ 'ಅನ್‌ಡಿಫೈನ್ಡ್ ರೆಫರೆನ್ಸ್' ಬರುತ್ತದೆ.

ಹೆಚ್ಚು ಕಾಡುವುದು ಸ್ಟ್ರಕ್ಟ್, ಅಂದರೆ ಹಲವು ಫೀಲ್ಡ್‌ಗಳ ಕಟ್ಟು. ಫೀಲ್ಡ್‌ಗಳನ್ನು ಸಿ ಭಾಷೆಯ ಕ್ರಮದಲ್ಲೇ ಜೋಡಿಸು ಎಂದು ರಸ್ಟ್‌ಗೆ ಹೇಳುವ ಗುರುತು ರೆಪ್ರ್ ಸಿ. ಅದನ್ನು ಹಾಕದ ಸ್ಟ್ರಕ್ಟ್ ಹೆಡರಿನಲ್ಲಿ ಬರೀ ಹೆಸರಾಗಿ ಬರುತ್ತದೆ, ಒಳಗಿನ ಫೀಲ್ಡ್ ಕಾಣುವುದಿಲ್ಲ. ಪಾಯಿಂಟರ್ ಮಾತ್ರ ಕೊಡುವ ತಕ್ಕಡಿ ಹ್ಯಾಂಡಲ್‌ಗೆ ನಮಗೆ ಬೇಕಿರುವುದೂ ಅದೇ. ಆದರೆ ನೇರವಾಗಿ ಕೈಗೆ ಕೊಡುವ ರೀಡಿಂಗ್‌ಗೆ ರೆಪ್ರ್ ಸಿ ಬೇಕು, ಫೀಲ್ಡಿನ ಕ್ರಮವನ್ನೂ ನೋಡಬೇಕು. ಯು8 (1 ಬೈಟ್), ಐ32 (4 ಬೈಟ್), ಯು8 ಎಂದು ಬರೆದರೆ ಪ್ಯಾಡಿಂಗ್, ಅಂದರೆ ನಡುವೆ ಬಿಡುವ ಖಾಲಿ ಬೈಟ್ ಸೇರಿ 12 ಬೈಟ್. ಐ32 ಮೊದಲಿಟ್ಟರೆ 8. ತೂಕವನ್ನು ಗ್ರಾಂ ಲೆಕ್ಕದಲ್ಲಿ ಐ32ನಲ್ಲೇ ಇಟ್ಟಿದ್ದೇನೆ. 15 ಕಿಲೋ ಬಾಕ್ಸ್ ಅಂದರೆ 15000, ದಶಾಂಶದ ರಗಳೆಯೇ ಇಲ್ಲ.

ಆ 8 ಬೈಟ್ ಕಾಯಲು ಹೆಡರಿನ ಕೊನೆಗೆ ಒಂದು ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಮಾಡುವಾಗಲೇ ನಡೆಯುವ ಪರೀಕ್ಷೆ) ಇದೆ. ಅದನ್ನು ಕೈಯಲ್ಲಿ ಹೆಡರಿಗೇ ಸೇರಿಸಿದರೆ ಮುಂದಿನ ಸಲ ಹೆಡರ್ ಬರೆಸಿದಾಗ ಅಳಿಸಿಹೋಗುತ್ತದೆ. ಹೆಡರಿನ ಕೊನೆಗೆ ಸೇರುವ ಸಾಲುಗಳನ್ನು ಕೊಡುವ, ಕಾನ್ಫಿಗ್‌ನ ಟ್ರೇಲರ್‌ನಲ್ಲಿ ಹಾಕಿ. ಅಸರ್ಟ್ ಡಾಟ್ ಎಚ್ ಕೂಡ ಇನ್‌ಕ್ಲೂಡ್ ಆಗಿರಲಿ, ಆಗ ಒಂದೇ ಸಾಲು ಸಿ11ಗೂ ಸಿ ಪ್ಲಸ್ ಪ್ಲಸ್11ಕ್ಕೂ ನಡೆಯುತ್ತದೆ.

ಈನಮ್ (ಸಂಖ್ಯೆಗಳಿಗೆ ಹೆಸರಿಟ್ಟ ಪಟ್ಟಿ) ವಿಷಯ ಬೇರೆ. ಸಿಯಲ್ಲಿ ಈನಮ್ ಹೆಸರುಗಳೆಲ್ಲ ಒಂದೇ ಬಯಲಿನಲ್ಲಿ ನಿಲ್ಲುತ್ತವೆ. ಎರರ್ ಎಂದು ದೊಡ್ಡಕ್ಷರದಲ್ಲಿ ಬಿಟ್ಟರೆ ವಿಂಡೋಸ್ ಹೆಡರಿನ ಅದೇ ಹೆಸರಿನ ಮ್ಯಾಕ್ರೋ ಅದನ್ನು 0 ಮಾಡಿಬಿಡುತ್ತದೆ, ಆಮೇಲೆ ಅರ್ಥವಾಗದ ಸಿಂಟ್ಯಾಕ್ಸ್ ಎರರ್. ಪ್ರಿಫಿಕ್ಸ್ ವಿತ್ ನೇಮ್ ಆನ್ ಮಾಡಿದರೆ ಪ್ರತಿ ಹೆಸರಿನ ಮುಂದೆ ಈನಮ್‌ನ ಹೆಸರೂ ಸೇರುತ್ತದೆ, ತಂಟೆ ಮುಗಿಯಿತು. ಇನ್ನೊಂದು: ಸಿ ಕಡೆಯಿಂದ ಬರುವ ಆರ್ಗ್ಯುಮೆಂಟನ್ನು ರಸ್ಟ್ ಈನಮ್ ಆಗಿ ತೆಗೆದುಕೊಳ್ಳಬೇಡಿ. ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ಅದು ಅನ್‌ಡಿಫೈನ್ಡ್ ಬಿಹೇವಿಯರ್, ಏನು ಬೇಕಾದರೂ ಆಗಬಹುದು. ಐ32 ಆಗಿ ಪಡೆದು ಒಳಗೆ ಮ್ಯಾಚ್ ಮಾಡಿ.

ಯಾವ ಫಂಕ್ಷನ್ನೂ ಬಳಸದ ಟೈಪ್ ಹೆಡರಿಗೆ ಬರುವುದಿಲ್ಲ. ಬೇಕಿದ್ದರೆ ಎಕ್ಸ್‌ಪೋರ್ಟ್ ಇನ್‌ಕ್ಲೂಡ್‌ನಲ್ಲಿ ಹೆಸರಿಸಿ.

ಬಿಲ್ಡ್ ಸ್ಕ್ರಿಪ್ಟ್‌ನಿಂದಲೇ ಹೆಡರ್ ಬರೆಸುವವರಿದ್ದಾರೆ, ನನಗೆ ಅದು ಒಗ್ಗುವುದಿಲ್ಲ. ಬಿಲ್ಡ್ ಸ್ಕ್ರಿಪ್ಟ್ ಸೋರ್ಸ್ ಫೋಲ್ಡರನ್ನು ಮುಟ್ಟಿದರೆ ಲೈಬ್ರರಿಯನ್ನು ಪ್ರಕಟಿಸುವ ರಸ್ಟ್‌ನ ಕಾರ್ಗೋ ಪಬ್ಲಿಶ್ ತಕರಾರು ಮಾಡುತ್ತದೆ. ಹೆಡರನ್ನು ಗಿಟ್‌ನಲ್ಲೇ ಇಟ್ಟು, ಸಿಐಯಲ್ಲಿ (ಕೋಡ್ ಬದಲಾದಾಗಲೆಲ್ಲ ತಾನೇ ನಡೆಯುವ ಪರೀಕ್ಷೆ) ವೆರಿಫೈ ಆಯ್ಕೆಯೊಂದಿಗೆ ಸಿಬೈಂಡ್‌ಜೆನ್ ಓಡಿಸುತ್ತೇನೆ: ಹೆಡರ್ ಹಳತಾಗಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ನಂತರ ಹೆಡರೊಂದನ್ನೇ ಜಿಸಿಸಿ, ಜಿ ಪ್ಲಸ್ ಪ್ಲಸ್ ಎಂಬ ಎರಡೂ ಕಂಪೈಲರ್‌ಗಳಿಗೆ ಸಿಂಟ್ಯಾಕ್ಸ್ ಓನ್ಲಿ ಎಂದು ಕೊಡುವುದು. ಸಿಬೈಂಡ್‌ಜೆನ್ ಆವೃತ್ತಿಯನ್ನು ಮಾತ್ರ ಒಂದಕ್ಕೇ ಕಟ್ಟಿಹಾಕಿ. ಆವೃತ್ತಿ ಬದಲಾಗಿ ಬರೀ ಖಾಲಿ ಜಾಗ ಹೆಚ್ಚುಕಮ್ಮಿಯಾದರೂ ವೆರಿಫೈ ಫೇಲ್ ಆಗುತ್ತದೆ.